ಹಗಲಿನ ಸೋಬಾನ

ಮನೋಳಿಯಲ್ಲಿ ನಮ್ಮ ಸೋದರತ್ತೆ ದನಿ ಎತ್ತದೆ ಒಂದು ಮದುವೆಯೂ ಆಗುತ್ತಿರಲಿಲ್ಲ. ಮದುಮಕ್ಕಳು ಹಸೆಯ ಮೇಲೆ ಕೂತರೆ ಸೋಬಾನದ ಮೊದಲ ಸಾಲು ಅವಳೇ ಎತ್ತಬೇಕು, ಉಳಿದ ಹೆಂಗಸರು ಅವಳ ಹಿಂದೆ ಹಾಡಬೇಕು. ಅವಳು ಬಾಯಿ ತೆರೆಯದಿದ್ದರೆ ಉಳಿದವರೂ ತೆರೆಯುವುದಿಲ್ಲ. ಇಷ್ಟು ವರ್ಷವಾದರೂ ಆ ದನಿ ನೆನಪಾದರೆ ನನಗೆ ಮೊದಲು ಸಂತೋಷವಾಗುತ್ತದೆ, ಆಮೇಲೆ ಹೊಟ್ಟೆ ಉರಿಯುತ್ತದೆ.

ಪ್ಲೇಗಿನ ವರ್ಷ ಊರು ಬಿಟ್ಟು ಹೊಲದ ಗುಡಿಸಲಲ್ಲಿದ್ದಾಗ ನನ್ನ ಗಂಡ ತೀರಿಕೊಂಡ. ನನಗೆ ಹದಿನೇಳು. ತವರಿಗೆ ಬಂದು ಬೀಸುವ ಕಲ್ಲಿನ ಮುಂದೆ ಕೂತೆ. ನಮ್ಮ ಜನರಲ್ಲಿ ಗಂಡ ಸತ್ತವಳಿಗೆ ಉಡಿಕೆ ಉಂಟು. ಮತ್ತೊಬ್ಬನೊಡನೆ ಸಂಸಾರ ಹೂಡಿಕೊಡುತ್ತಾರೆ. ಆದರೆ ಅದೆಂಥ ಮದುವೆ! ಕತ್ತಲಾದ ಮೇಲೆ ಹಿತ್ತಲಲ್ಲಿ, ಹಂದರವಿಲ್ಲ, ಹಾಡಿಲ್ಲ. ಮುತ್ತೈದೆಯರು ಆ ಹೊತ್ತು ಅವಳ ಮುಖ ನೋಡಬಾರದು. ಕದ್ದ ಮಾಲು ಸಾಗಿಸಿದಂತೆ ಹೆಣ್ಣನ್ನು ಸಾಗಿಸುವುದು.

ಬೈಲಹೊಂಗಲದಿಂದ ವರ್ಗವಾಗಿ ಬಂದಿದ್ದ ಕನ್ನಡ ಸಾಲಿಯ ಮಾಸ್ತರರಿಗೆ ಇದನ್ನು ಸಹಿಸಲಾಗಲಿಲ್ಲ. ಅವರ ತಂಗಿಗೂ ಹಾಗೇ ಆಗಿತ್ತಂತೆ. ಭಾಷಣ ಮಾಡಲಿಲ್ಲ, ಪುಣ್ಯಾತ್ಮ. ನೇರ ಅತ್ತೆಯ ಅಂಗಳಕ್ಕೆ ಬಂದು ಕೂತರು. "ಅಕ್ಕಾರ, ನಾ ನೂರು ಸಲ ಹೇಳಿದ್ರೂ ಯಾರೂ ಕೇಳಂಗಿಲ್ರಿ. ನೀವು ಒಮ್ಮೆ ಹಾಡಿದ್ರ ಊರ ಕೇಳತೈತಿ. ಉಡಕಿಗೂ ಹಗಲ ಸೋಬಾನ ಹಾಡ್ರಿ. ನಿಮ್ಮಂಥ ನಾಕ ಮಂದಿನ್ನ ತಯಾರ ಮಾಡ್ರಿ," ಎಂದರು. ಅತ್ತೆ ಉಬ್ಬಿಹೋದಳು.

ಸೋಮವಾರ ಎತ್ತುಗಳಿಗೆ ನೊಗ ಹಾಕುವುದಿಲ್ಲ, ಹೆಂಗಸರಿಗೂ ತುಸು ಬಿಡುವು. ಪ್ರತಿ ಸೋಮವಾರ ಮನೋಳಿಯ, ಕಟಕೋಳದ ಹಾಡುವ ಹೆಂಗಸರು ಅತ್ತೆಯ ಪಡಸಾಲೆಯಲ್ಲಿ ಸೇರತೊಡಗಿದರು. ಧಾಟಿ ಹಳೆಯದು, ಮಾತು ಹೊಸದು. ಮಾತು ಕಟ್ಟಿದವಳು ನಾನು. ಗಂಡ ಸತ್ತವಳು ಹಸೆಯ ಹಾಡು ಹಾಡಬಾರದು. ಆದರೆ ಬೀಸುವ ಕಲ್ಲಿನ ಮುಂದೆ ಏನು ಹಾಡಿದರೂ ಬೇಡ ಅನ್ನುವವರಿಲ್ಲ. ಹಾಗಾಗಿ ಅತ್ತೆಯ ಕಲ್ಲಿನಲ್ಲಿ ಜೋಳ ಬೀಸುತ್ತಲೇ ಅವರಿಗೆಲ್ಲ ಹೇಳಿಕೊಟ್ಟೆ.

"ಹಗಲ ಬಾರವ್ವ ಹಸಿಗಿ, ಹಣಿಮ್ಯಾಲ ಬಿಸಿಲಿರಲಿ,
ಮತ್ತೊಮ್ಮೆ ಕಟ್ಟಿದ ತಾಳಿ ಮುತ್ತಾಗಿ ಹೊಳಿಯಲಿ, ಸೋಬಾನ."

ಅತ್ತೆಗೆ ಕಂಠವಿತ್ತು, ನೆನಪಿರಲಿಲ್ಲ. ಎರಡನೆಯ ಸಾಲಿಗೆ ಬಂದರೆ ತಡವರಿಸಿ ನನ್ನ ಕಡೆ ನೋಡುವಳು. ನಾನು ಕೊಟ್ಟದ್ದನ್ನು ಹಿಂದೆಮುಂದೆ ನೋಡದೆ ಹಾಡುವಳು.

"ಮುಂಜಾನೆ ಉಂಡಿದ್ದಾದ್ರೂ ನೆನಪೈತೇನ ಅತ್ತಿ?" ಎಂದು ಛೇಡಿಸುತ್ತಿದ್ದೆ.

"ಸುಮ್ನ ಕುಂಡ್ರ ಹುಚ್ಚಿ. ನಿನ್ನ ಹಸಿ ಮುಂದ ಹೆಂಗ ಹಾಡತೇನಿ ನೋಡೀಯಂತ. ಇಡೀ ಹೊಳಿದಂಡಿ ಕೇಳಬೇಕು!"

ಹಾಗೆ ಅವಳಾಗಿಯೇ ಹೇಳಿದ್ದು. ನಾನು ಕೇಳಿರಲಿಲ್ಲ.

ಕಟಕೋಳದಲ್ಲಿ ಮೊದಲ ಉಡಿಕೆ ಹಗಲಲ್ಲಿ ಆಯಿತು. ಅತ್ತೆ ಹೋಗಿ ಹಾಡಿ ಬಂದಳು. ಗೊಣಗುವವರು ಗೊಣಗಿದರು, ಆದರೆ ಹಂದರದಿಂದ ಯಾರೂ ಎದ್ದು ಹೋಗಲಿಲ್ಲವಂತೆ. ಅದನ್ನು ಕೇಳಿದ ಮೇಲೆಯೇ ನಾನು ಅವ್ವನಿಗೆ ಹೂಂ ಅಂದದ್ದು. ಕಿತ್ತೂರ ಕಡೆಯ ದೇಗಾಂವದ ರೈತನೊಡನೆ ನನ್ನ ಉಡಿಕೆ ಗಟ್ಟಿಯಾಯಿತು. ನಾನು ಹಾಕಿದ್ದು ಒಂದೇ ಕರಾರು: ಹಗಲಲ್ಲಿ ಆಗಬೇಕು, ಹಾಡು ಇರಬೇಕು. ಕತ್ತಲಲ್ಲಾದರೆ ನನಗೆ ಗಂಡನೇ ಬೇಡ.

ಆ ದಿನ ಹಂದರ ಹಾಕಿತ್ತು. ಹಾಡುವ ಹೆಂಗಸರು ಬಂದು ಕೂತಿದ್ದರು. ಅತ್ತೆ ಬರಲಿಲ್ಲ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆಚೆ ಅವಳು ಬೀಸುವ ಸದ್ದು ನನಗೆ ಕೇಳುತ್ತಿತ್ತು. ಅವ್ವ ಹೋಗಿ ಕರೆದಳು. ಒಳಗಿನಿಂದ ಅಗಳಿ ಹಾಕಿತ್ತು. ಹಿಂದಿನ ದಿನ ಸವದತ್ತಿಯ ದೊಡ್ಡ ಮನೆಯವರು ಅವಳ ಮಗಳನ್ನು ಒಪ್ಪಿ ಹೋಗಿದ್ದರು. ಉಡಿಕೆಗೆ ಹಾಡುವವಳು ನಮಗೆ ಬೀಗತಿ ಆಗಬಾರದು ಎಂದಿದ್ದರಂತೆ. ಅತ್ತೆ ಅದನ್ನು ನನ್ನ ಮುಖಕ್ಕೆ ಹೇಳಿದ್ದರೆ ಅತ್ತು ಸುಮ್ಮನಾಗುತ್ತಿದ್ದೆನೋ ಏನೋ. ಹೇಳಲಿಲ್ಲ, ಬೀಸುತ್ತ ಕೂತಳು.

ಅವಳು ಎತ್ತದೆ ಉಳಿದವರು ಬಾಯಿ ತೆರೆಯಲಿಲ್ಲ. ಹಸೆಯ ಮೇಲೆ ಕೂತವಳು ತನಗೆ ತಾನೇ ಹಾಡಿಕೊಳ್ಳುತ್ತಾಳೆಯೇ? ಮಾಸ್ತರರು ಹಂದರದ ಕಂಬ ಹಿಡಿದು ತಲೆ ತಗ್ಗಿಸಿ ನಿಂತರು. ಹೊತ್ತು ಇಳಿಯಿತು. ಅಷ್ಟು ದೂರದಿಂದ ಗಾಡಿ ಕಟ್ಟಿಕೊಂಡು ಬಂದ ದೇಗಾಂವದವರು ಬಾಗಿಲಲ್ಲಿ ಕಾಯುತ್ತಿದ್ದರು, ಅವ್ವ ನನ್ನ ಕಾಲು ಹಿಡಿದಿದ್ದಳು. ದೀಪ ಹಚ್ಚುವ ಹೊತ್ತಿಗೆ ಹಿರಿಯರು ನನ್ನನ್ನು ಹಿತ್ತಲಿಗೆ ಕರೆದರು. ಹೋದೆ. ಸೋಮವಾರದ ಹಾಡುಗಳು ಅಲ್ಲಿಗೇ ನಿಂತವು.

ಎರಡು ತಿಂಗಳಿಗೆ ಅತ್ತೆಯ ಮಗಳ ಮದುವೆ. ಹೋಗಬಾರದಿತ್ತು, ಆ ಹುಡುಗಿಯ ಮೋಹಕ್ಕೆ ಹೋದೆ. ಉಡಿಕೆಯಾದವಳಿಗೆ ಮುಂದೆ ಜಾಗವಿಲ್ಲ; ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ದನಿ ಎತ್ತಿದಳು.

"ಹಗಲ ಬಾರವ್ವ ಹಸಿಗಿ..."

ಅಯ್ಯೋ, ನನ್ನ ಹಾಡು! ನನಗೆ ಹಾಡದೆ ಇಟ್ಟುಕೊಂಡದ್ದನ್ನು ತನ್ನ ಮಗಳಿಗೆ ಹಾಡುತ್ತಿದ್ದಾಳೆ! ಅದು ಎಲ್ಲಿಂದ ಬಂತೆಂದು ತಿಳಿಯದ ಬೀಗರು ತಲೆದೂಗುತ್ತಿದ್ದರು. ಎರಡನೆಯ ಸಾಲಿಗೆ ಅತ್ತೆ ತಡವರಿಸಿದಳು. ಕಣ್ಣು ನನ್ನನ್ನು ಹುಡುಕಿತು.

"ಮತ್ತೊಮ್ಮೆ ಕಟ್ಟಿದ ತಾಳಿ" ನನ್ನ ನಾಲಗೆಯ ಮೇಲಿತ್ತು. ಕೊಟ್ಟಿದ್ದರೆ ಹಾಡಿಯೇಬಿಡುತ್ತಿದ್ದಳು, ತನ್ನ ಮಗಳ ತಲೆಯ ಮೇಲೆ, ಬೀಗರ ಮುಂದೆ. ದೇವರಾಣೆ, ಕೊಟ್ಟುಬಿಡಬೇಕೆನಿಸಿತು. ಅಷ್ಟರಲ್ಲಿ ಬಾಸಿಂಗದ ಕೆಳಗಿನಿಂದ ಆ ಹುಡುಗಿ ನನ್ನನ್ನು ಕಂಡು ನಕ್ಕಳು.

"ಇಂದ ಕಟ್ಟಿದ ತಾಳಿ ನೂರ್ಕಾಲ ಹೊಳಿಯಲಿ," ಎಂದೆ. ಅತ್ತೆ ಎತ್ತಿಕೊಂಡಳು, ಹಾಡು ಮುಂದೆ ಹೋಯಿತು.

ಹೊರಡುವಾಗ ಅತ್ತೆ ಮುತ್ತೈದೆಯರಿಗೆ ಉಡಿ ತುಂಬುತ್ತಿದ್ದಳು: ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ. ನಾನೂ ಸೆರಗು ಒಡ್ಡಿ ಸಾಲಿನಲ್ಲಿ ನಿಂತೆ.

"ನನ್ನ ಮಾನ ಉಳಿಸಿದಿ ಮಗಳ," ಎಂದಳು, ನನಗೆ ಮಾತ್ರ ಕೇಳುವಂತೆ. ಒಮ್ಮೆ ಬೀಗತಿಯ ಕಡೆ ನೋಡಿದಳು. ಖಣವನ್ನು ಉಡಿಗೆ ಹಾಕದೆ ನನ್ನ ಕೈಗೆ ಕೊಟ್ಟು, ಮುಂದಿನವಳ ಹತ್ತಿರ ಹೋದಳು.

"ಅತ್ತಿ, ನನ್ನ ಉಡಿ ಇಲ್ಲೈತಿ," ಎಂದೆ, ಎಲ್ಲರಿಗೂ ಕೇಳುವಂತೆ.

ಅವಳು ತಿರುಗಲಿಲ್ಲ. ಖಣವನ್ನು ಅವಳ ಬೀಸುವ ಕಲ್ಲಿನ ಮೇಲೆ ಇಟ್ಟು ಬಂದು ಗಾಡಿ ಹತ್ತಿದೆ.