ಜೋಲಿಯಲ್ಲಿ ಕೌದಿ

ದಪ್ಪ ಕೌದಿಯನ್ನು ಮಿಷನ್ನಿನಲ್ಲಿ ಹೊಲಿಯುತ್ತೇನೆ ಎಂದರೆ ಜನ ನನ್ನ ಬೆರಳು ನೋಡುತ್ತಾರೆ. ನೋಡಬೇಕಾದ್ದು ಭುಜವನ್ನು. ರವಿಕೆ, ಲಂಗ ಎಲ್ಲ ಹೇಳಿದ ಮಾತು ಕೇಳುತ್ತವೆ. ಕೌದಿ ಮಾತ್ರ ಅರ್ಧ ಮಿಷನ್ನಿನ ಮೇಲೆ, ಇನ್ನರ್ಧ ನೆಲದ ಮೇಲೆ ಬಿದ್ದುಕೊಂಡು, ಮೇಲಿದ್ದದ್ದನ್ನೂ ಕೆಳಕ್ಕೆ ಎಳೆಯುತ್ತಿರುತ್ತದೆ. ಅದರಲ್ಲೂ ನಮ್ಮ ತಿಗನಾರೆ ಕಡೆಯ ಕೌದಿ. ರಾಗಿ ತೆನೆಗಟ್ಟುವ ಹೊತ್ತಿಗೆ ಕಾಡಿನಿಂದ ಹಂದಿ, ಆನೆ ಇಳಿಯುತ್ತವೆ. ಹೊಲದ ಅಟ್ಟಣೆಯ ಮೇಲೆ ಕಾವಲು ಕೂರುವವರಿಗೆ ಅಂಗಡಿಯ ಬೆಡ್‌ಶೀಟು ಯಾವ ಮೂಲೆಗೂ ಸಾಲುವುದಿಲ್ಲ. ಆದ್ದರಿಂದ ಮೇಲೆ ಮೂರು ಹಳೆ ಸೀರೆ, ಕೆಳಗೆ ಮೂರು ಹಳೆ ಸೀರೆ, ನಡುವೆ ಒಂದು ಸವೆದ ಕಂಬಳಿ. ನೆನೆದರೆ ಹಿಂಡಲು ಇಬ್ಬರು ಬೇಕು.

ಕೈಯಲ್ಲಿ ಹೊಲಿಯುತ್ತಿದ್ದ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ಅಂಗಳದಲ್ಲಿ ಹಾಸಿ ನಾಲ್ಕು ಮೂಲೆಗೆ ನಾಲ್ಕು ಹೆಂಗಸರು ಕೂತರೆ ಕೌದಿ ಇದ್ದಲ್ಲೇ ಇರುತ್ತಿತ್ತು, ಬಾಯಿಗಳು ಮಾತ್ರ ಓಡಾಡುತ್ತಿದ್ದವು. ಮಿಷನ್ನಿಗೆ ಬಂದ ಮೇಲೆ ಕೌದಿಯೇ ಓಡಾಡಬೇಕು. ಸೂಜಿಗೂ ಮಿಷನ್ನಿನ ಬಲಗಡೆಯ ಕಂಬಕ್ಕೂ ನಡುವೆ ಇರುವುದು ಒಂದು ಗೇಣು ಜಾಗ. ಅಷ್ಟರಲ್ಲಿ ಅಷ್ಟು ದೊಡ್ಡದನ್ನು ತೂರಿಸಬೇಕು. ಅದಕ್ಕೆ ನಮ್ಮಲ್ಲಿ ಒಬ್ಬರು ಹೊಲಿಯುವುದು, ಇನ್ನೊಬ್ಬರು ಹಿಡಿಯುವುದು. ಹಿಡಿಯುವವಳು ಮಿಷನ್ನಿನ ಆಚೆ ನಿಂತು, ಹೊಲಿದು ಬಂದ ಭಾಗವನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು ಹೆಜ್ಜೆ ಹೆಜ್ಜೆಯಾಗಿ ಹಿಂದಕ್ಕೆ ನಡೆಯುತ್ತಾಳೆ. ಎಳೆಯಬಾರದು, ಬಿಡಲೂಬಾರದು.

ನನಗೆ ಹಿಡಿಯುತ್ತಿದ್ದವಳು ಮೂರು ಮನೆ ಆಚೆಯ ನನ್ನ ಓರಗೆಯವಳು. ಶಾಲೆಗೆ ಒಟ್ಟಿಗೆ ಸೇರಿದೆವು, ಒಟ್ಟಿಗೆ ಬಿಟ್ಟೆವು. ಅವಳು ಮದುವೆಯಾಗಿ ಇದೇ ಊರಲ್ಲಿ ಉಳಿದಳು. ನನಗೆ ಮದುವೆ ಕೂಡಿಬರಲಿಲ್ಲ, ಮಿಷನ್ನು ಕೂಡಿಬಂತು. ಅಪ್ಪ ಅಮ್ಮ ಹೋದ ಮೇಲೆ ಮನೆಯಲ್ಲಿ ನಾನು, ಮಿಷನ್ನು. ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಅವಳು ಬಂದು ಒಂದೆರಡು ತಾಸು ಹಿಡಿದು ಹೋಗುತ್ತಿದ್ದಳು. ದಿನದಲ್ಲಿ ನಾನು ಇನ್ನೊಬ್ಬರ ಜೊತೆ ಮಾತಾಡುತ್ತಿದ್ದದ್ದು ಅಷ್ಟು ಹೊತ್ತೇ. ಅಳತೆ ಕೊಡಲು ಬಂದವರ ಜೊತೆ ಆಡುವುದನ್ನೂ ಮಾತು ಅನ್ನುವುದಾದರೆ ಬೇರೆ.

ಕಳೆದ ದೀಪಾವಳಿ ಮುಗಿದು, ಗುಮಟಾಪುರದ ಸಗಣಿ ಹಬ್ಬದಲ್ಲಿ ಎರಚಾಡಿದವರು ಮೈ ತೊಳೆದುಕೊಂಡ ಮಾರನೇ ವಾರ, ಅವಳದೇ ಮನೆಯ ಕೌದಿ ಮಿಷನ್ನಿನ ಮೇಲಿತ್ತು. ಅವಳ ಸೀರೆಗಳು, ಅವಳ ಮಾವನ ಕಂಬಳಿ. ಅವಳ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ವಾರದಿಂದ ರಾತ್ರಿಯಿಡೀ ಅಟ್ಟಣೆಯ ಕಾವಲಿಗೆ ಅವಳೇ ಕೂರುತ್ತಿದ್ದಳು. ನನಗದು ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಳ್ಳಲು ನೋಡಿದೆ, ಮನಸ್ಸು ಒಪ್ಪಲಿಲ್ಲ. ಕೌದಿ ಅರ್ಧ ಆಗಿತ್ತು. ನಿಂತಲ್ಲೇ ಅವಳಿಗೆ ತೂಕಡಿಕೆ ಬಂದು ತೋಳು ಸಡಿಲವಾಯಿತು, ಅಷ್ಟೂ ಭಾರ ಒಮ್ಮೆಗೇ ನೆಲಕ್ಕೆ ಬಿತ್ತು. ಸೂಜಿ ಬಾಗಿ ಪಟ್ಟನೆ ಮುರಿದು, ಅದರ ಚೂರು ನನ್ನ ಕೆನ್ನೆಗೆ ಸಿಡಿಯಿತು.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ನಿದ್ದೆ ಮಾಡಕ್ಕೆ ನನ್ನ ಮನೆನೇ ಬೇಕಾಗಿತ್ತಾ ನಿಂಗೆ? ಓಗು, ಓಗಿ ಮನ್ಲಿ ಬಿದ್ಕೊ. ನಿಂಗಿಂತ ಗ್ವಾಡೆಗೆ ಒಂದು ಗೂಟ ಒಡ್ದಿದ್ರೆ ವಾಸಿ" ಎಂದೆ.

"ಒಡ್ಕೊ ಬುಡು" ಎಂದು ಅವಳು ಸೆರಗು ಕೊಡವಿಕೊಂಡು ಹೋದಳು.

ನಾಳೆ ಬರುತ್ತಾಳೆ ಅಂದುಕೊಂಡೆ. ಬರಲಿಲ್ಲ. ನಾನೂ ಹೋಗಲಿಲ್ಲ. ನಲ್ಲಿಯ ಹತ್ತಿರ ಎದುರಾದರೆ ಇಬ್ಬರೂ ನಮ್ಮ ನಮ್ಮ ಬಿಂದಿಗೆಯನ್ನೇ ನೋಡುತ್ತಿದ್ದೆವು. ಕೊನೆಗೆ ನಾನೊಂದು ಉಪಾಯ ಹೂಡಿದೆ. ಕೌದಿ ಮುಗಿಸಿಟ್ಟರೆ ಅವಳು ಒಯ್ಯಲು ಬರಲೇಬೇಕು. ಬಂದಾಗ ತಪ್ಪಾಯಿತು ಎಂದುಬಿಡುವುದು, ಆಮೇಲೆ ಎಲ್ಲ ಮೊದಲಿನ ಹಾಗೆ. ಆದರೆ ಹಿಡಿಯುವವರಿಲ್ಲದೆ ಮುಗಿಸುವುದು ಹೇಗೆ?

ಮೊದಲ ದಿನ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊಲಿದೆ. ಸಂಜೆಗೆ ಕತ್ತು ತಿರುಗಲಿಲ್ಲ. ಫೋನಿನಲ್ಲಿ ಒಬ್ಬ ತಮಿಳು ಹೆಂಗಸಿನ ವಿಡಿಯೊ ಸಿಕ್ಕಿತು. ಅವಸರ ಬೇಡ ಎಂದು 'ಮೆದುವಾ, ಮೆದುವಾ' ಅನ್ನುತ್ತ, ನಮ್ಮ ನಡುಮನೆಯಷ್ಟು ದೊಡ್ಡ ಮೇಜಿನ ಮೇಲೆ ಅವಳು ಹೊಲಿಯುತ್ತಿದ್ದಳು. ನನ್ನ ಹತ್ತಿರ ಇದ್ದದ್ದು ಅಮ್ಮನ ಮಂಚ. ಅದರ ಕಾಲಿಗೆ ಇಟ್ಟಿಗೆ ಕೊಟ್ಟು ಮಿಷನ್ನಿನ ಎತ್ತರಕ್ಕೆ ಏರಿಸಿ ಎಡಗಡೆಗೆ ತಂದಿಟ್ಟೆ. ಹೊಲಿದಾಗಿದ್ದ ಅರ್ಧ ಅದರ ಮೇಲೆ ಮಲಗಿತು. ಇನ್ನೂ ಹೊಲಿಯಬೇಕಾದ ಅರ್ಧವನ್ನು ಚಾಪೆಯ ಹಾಗೆ ಬಿಗಿಯಾಗಿ ಸುತ್ತಿ, ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಆ ಗೇಣು ಜಾಗದಲ್ಲಿ ತೂರಿಸಿದೆ. ಸಾಲು ಮುಗಿದ ಹಾಗೆ ಸುರುಳಿ ಸಣ್ಣದಾಗುತ್ತ ಬಂತು. ಕುರ್ಚಿಯ ಮೇಲೆ ಮಣೆ ಇಟ್ಟು ಕೂತೆ, ಭುಜದ ನೋವು ಅರ್ಧ ಇಳಿಯಿತು. ಕೌದಿಯನ್ನು ಇಡಿಯಾಗಿ ನೋಡಿ ಹೆದರಬಾರದು ಎಂಬುದೂ ತಿಳಿಯಿತು: ಎರಡು ಅಂಗೈ ಅಗಲ ಸಡಿಲ ಮಾಡಿಕೊಂಡು ಅಷ್ಟನ್ನು ಹೊಲಿಯುವುದು, ಸೂಜಿಯನ್ನು ಬಟ್ಟೆಯೊಳಗೇ ಬಿಟ್ಟು ನಿಲ್ಲಿಸುವುದು, ಮತ್ತೆರಡು ಅಂಗೈ ಸಡಿಲ ಮಾಡುವುದು.

ಉಳಿದದ್ದು ಮಿಷನ್ನಿನ ಆಚೆ ಬದಿ, ಅವಳು ನಿಲ್ಲುತ್ತಿದ್ದ ಜಾಗ. ಅಲ್ಲಿ ಮಂಚ ಹಿಡಿಸುವುದಿಲ್ಲ. ಎರಡು ದಿನ ಆ ಜಾಗವನ್ನೇ ನೋಡುತ್ತ ಕೂತೆ. ಆಮೇಲೆ ಮಾಡಿನ ಜಂತಿಗೆ ಒಂದು ಹಳೆ ಸೀರೆ ಕಟ್ಟಿ ಜೋಲಿ ಇಳಿಬಿಟ್ಟೆ, ಮಗುವನ್ನು ತೂಗಲು ಕಟ್ಟುತ್ತಾರಲ್ಲ ಅಂಥದ್ದೇ. ಹೊಲಿದು ಬಂದ ಕೌದಿ ತಾನಾಗಿ ಅದರೊಳಗೆ ಹೋಗಿ ಕೂರುತ್ತಿತ್ತು. ಭಾರವೆಲ್ಲ ಜಂತಿಯ ಪಾಲಾಯಿತು, ಸೂಜಿ ಸರಾಗವಾಗಿ ಓಡಿತು.

ಬೀದಿಯಲ್ಲಿ ಹೋಗುತ್ತಿದ್ದ ಮುದುಕಿಯೊಬ್ಬಳು ಬಾಗಿಲಲ್ಲಿ ಇಣುಕಿ, "ಇದ್ಯಾರ್ ಕೂಸವ್ವ?" ಎಂದಳು.

"ನಂದೇ. ಆರು ಸೀರೆ, ಒಂದು ಕಂಬ್ಳಿ ತೂಗ್ತದೆ" ಎಂದೆ.

ಅವಳು ನಗುತ್ತ ಹೋದಳು. ನಾನೂ ನಕ್ಕೆ. ಆಮೇಲೆ ಬಹಳ ಹೊತ್ತು ಮಿಷನ್ನು ತುಳಿಯಲಿಲ್ಲ. ಈ ಮನೆಯ ಜಂತಿಗೆ ನಾನು ಜೋಲಿ ಕಟ್ಟಿದ್ದು ಅದೇ ಮೊದಲು.

ಇನ್ನು ನಾಲ್ಕು ಸಾಲು ಇರುವಾಗ ನನ್ನ ಓರಗೆಯವಳು ಬಂದಳು. ಹೇಳಿಕಳಿಸಿರಲಿಲ್ಲ, ತಾನಾಗಿ ಬಂದಳು. ಮಧ್ಯಾಹ್ನ, ಅದೇ ಹೊತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತೊಳೆದ ಕೈ ಒದ್ದೆ ಇರುವಾಗಲೇ ಬಂದು ಹೊಸ್ತಿಲಲ್ಲಿ ನಿಂತಳು.

ಒಳಗೆ ಬಾ ಎನ್ನಬೇಕಿತ್ತು. ತಪ್ಪಾಯಿತು ಎನ್ನಬೇಕಿತ್ತು, ಬಾಯಿಪಾಠವೇ ಮಾಡಿಟ್ಟಿದ್ದೆ. ಆದರೆ ಅಷ್ಟು ದಿನ ಇದನ್ನೆಲ್ಲ ತೋರಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. "ನೋಡ್ದಾ ಎಂಗ್ ಮಾಡಿವ್ನಿ?" ಎಂದು ಒಂದು ಸಾಲು ಹೊಲಿದು ತೋರಿಸಿದೆ. ಮಂಚ ತೋರಿಸಿದೆ, ಕ್ಲಿಪ್ಪು ತೋರಿಸಿದೆ, ಜೋಲಿಯನ್ನು ತೂಗಿಯೂ ತೋರಿಸಿದೆ. "ಒಂಚೂರೂ ಬಾರ ಇಲ್ಲ. ಇನ್ಯಾರ ಅಂಗೂ ಬ್ಯಾಡ." ಅವಳು ಹೊಗಳಲಿ ಎಂದು ಆಸೆಯಿತ್ತು. ಬೇರೆ ಯಾರ ಹೊಗಳಿಕೆಯೂ ನನಗೆ ಬೇಕಿರಲಿಲ್ಲ.

ಅವಳು ಜೋಲಿಯ ಕೆಳಗೆ ಎರಡೂ ತೋಳು ಒಡ್ಡಿ ನೋಡಿದಳು. ಎತ್ತುವುದಕ್ಕೆ ಏನೂ ಇರಲಿಲ್ಲ. "ಚೆಂದಾಗದೆ" ಎಂದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಉಳಿದ ಮೂರು ಸಾಲು ಮುಗಿಯುವವರೆಗೆ ಹೊಸ್ತಿಲ ಮೇಲೆ ಕೂತಿದ್ದು, ಕೌದಿ ಮಡಿಸಿ ತಲೆಯ ಮೇಲೆ ಹೊತ್ತುಕೊಂಡು ಹೋದಳು. ಮಣ್ಣಿನ ಕೈಯಲ್ಲಿ ಕೌದಿ ಮುಟ್ಟಬಾರದೆಂದು, ಹಿಡಿಯಲು ಬರುವಾಗ ಮಾತ್ರ ಅವಳು ಹಾಗೆ ಕೈ ತೊಳೆದುಕೊಂಡು ಬರುತ್ತಿದ್ದಳು. ಅದು ನನಗೆ ಹೊಳೆದದ್ದು ಅವಳು ಬೀದಿ ದಾಟಿದ ಮೇಲೆ.

ಮಾರನೇ ದಿನ, ಅದರ ಮಾರನೇ ದಿನ ಬಾಗಿಲು ತೆರೆದಿಟ್ಟು ಕೂತೆ. ಹಾಸನೂರಿನಿಂದ ಹೊಸ ಕೌದಿ ಬಂದಿತ್ತು. ಹೊಲಿಯಲು ಯಾವ ಕಷ್ಟವೂ ಇರಲಿಲ್ಲ. ಮಿಷನ್ನು ನಿಲ್ಲಿಸಿದರೆ ಮನೆಯಲ್ಲಿ ಬೇರೆ ಸದ್ದಿಲ್ಲ. ನಾನು ಒಂಟಿ ಎಂದು ಅವತ್ತು ಅನ್ನಿಸಿತು, ಬಲವಾಗಿಯೇ ಅನ್ನಿಸಿತು. ಅಲ್ಲಿಯವರೆಗೆ ನನ್ನನ್ನು ನಾನು ಮದುವೆಯಾಗದವಳು ಎಂದಷ್ಟೇ ತಿಳಿದುಕೊಂಡಿದ್ದೆ. ಮೂರನೇ ದಿನ ಜೋಲಿ ಬಿಚ್ಚಿಟ್ಟು ಅವಳ ಮನೆಗೆ ಹೋದೆ.

ಅವಳು ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. "ಅವತ್ತು ಅಂಗಂದಿದ್ದು ತಪ್ಪಾಯ್ತು ಕಣೆ" ಎಂದೆ.

"ನಾನೂ ಮದ್ಲೇ ಬರಬೌದಾಗಿತ್ತು ಬುಡು" ಎಂದು ಮೊರವನ್ನು ನನ್ನ ಕಡೆಗೂ ಸರಿಸಿದಳು. ನಾನೂ ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ, "ಒಸ ಕೌದಿ ಬಂದದೆ. ನನ್ನೊಬ್ಳ ಕೈಲಿ ಆಗ್ತಾ ಇಲ್ಲ. ಇಡ್ಕೊಳಕ್ಕೆ ಬಾ" ಎಂದೆ.

ಅವಳು ತಲೆ ಎತ್ತಿ ನಕ್ಕಳು. "ಆಯ್ತದೆ ಕಣೆ ನಿಂಗೆ. ನಾನೇ ಕಣ್ಣಾರ ನೋಡಿವ್ನಲ್ಲ. ಇನ್ಮ್ಯಾಲೆ ಮದ್ಯಾನದೊತ್ತು ನಾನೂ ಒಸಿ ಕಣ್ ಮುಚ್ಕತೀನಿ."

ಸಿಟ್ಟಿನಿಂದ ಹೇಳಿದ್ದರೆ ಜಗಳವಾಡಿಯಾದರೂ ಎಳೆದುಕೊಂಡು ಬರುತ್ತಿದ್ದೆ. ಅವಳು ಸಂತೋಷದಿಂದಲೇ ಹೇಳಿದ್ದಳು. ನಿದ್ದೆಗೆಟ್ಟು ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಬಾ ಎಂದು ಇನ್ನೊಂದು ಸಲ ಕರೆಯದೆ, ಮೊರದಿಂದ ಇನ್ನೊಂದು ಹಿಡಿ ಅವರೆಕಾಯಿ ತೆಗೆದುಕೊಂಡೆ.