ಹಸಿ ಬಾಣಂತಿ ಕೇಳಿದ ಕಾರ್ಡು

ಎರಡು ವರ್ಷದ ಹಿಂದಿನ ಬೇಸಿಗೆ. ಬಸುರಿ, ಬಾಣಂತಿಯರಿಗೆ ಬೇಳೆ, ಬೆಲ್ಲ, ಶೇಂಗಾ, ಮೊಟ್ಟೆಯನ್ನು ಕಾರ್ಡಿನ ಮೇಲೆ ಅಂಗಡಿಯಿಂದಲೇ ಕೊಡಿಸಿದರೆ ಹೇಗೆ ಎಂದು ನಮ್ಮೂರು ಸಗರದಲ್ಲಿ ಸರ್ಕಾರದವರು ಪ್ರಯೋಗ ನಡೆಸಿದ್ದರು. ಅದಕ್ಕೆ ಆರಿಸಿಕೊಂಡದ್ದು ನನ್ನ ಕಿರಾಣಿ ಅಂಗಡಿಯನ್ನು. ಗಂಡ ತೀರಿಕೊಂಡ ಮೇಲೆ ನಾನೊಬ್ಬಳೇ ನಡೆಸಿಕೊಂಡು ಬಂದ ಅಂಗಡಿ. ನನ್ನ ಬಾಯಿ ಜೋರು ಅಂತ ಊರೆಲ್ಲ ಹೇಳುತ್ತದೆ, ಹೇಳಲಿ.

ಕಾರ್ಡು ಎರಡು ಬಗೆ. ಕೆಲವರ ಕಾರ್ಡಿಗೆ ಗುಟ್ಟಿನ ನಂಬರು ಒತ್ತಿದರೆ ಸಾಕು, ಮನೆಯವರು ಯಾರು ಬಂದರೂ ಸಾಮಾನು ಸಿಗುತ್ತಿತ್ತು. ಉಳಿದವರ ಕಾರ್ಡಿಗೆ ಆ ಹೆಂಗಸೇ ಬಂದು ಅಂಗಡಿಯಲ್ಲಿಟ್ಟ ಮಿಷನ್ ಮೇಲೆ ಹೆಬ್ಬೆಟ್ಟು ಒತ್ತಬೇಕು. ಎರಡರಲ್ಲಿ ಚಲೋ ಯಾವುದೋ ಅದನ್ನೇ ಮುಂದೆ ಎಲ್ಲ ಕಡೆ ಮಾಡುವವರಿದ್ದರು. ಅದನ್ನು ವಿಚಾರಿಸಲು ತಿಂಗಳ ಕೊನೆಯ ದಿನ ಯಾದಗಿರಿಯಿಂದ ಒಬ್ಬ ಸಾಹೇಬರು ಬಂದು ನನ್ನ ಅಂಗಡಿ ಕಟ್ಟೆಯ ಮೇಲೆ ಕೂತರು. ಸುತ್ತ ಓಣಿಯ ಹೆಂಗಸರು ನೆರೆದಿದ್ದರು.

ಮಧ್ಯಾಹ್ನದ ಉರಿಬಿಸಿಲು. ಕುರಿಗಾರರ ಓಣಿಯ ಕಡೆಯಿಂದ ನಿಂಗಮ್ಮ ಬರುವುದು ಕಂಡಿತು. ಅವಳ ಹಿಂದೆ ತಲೆ, ಕಿವಿಗೆ ಬಿಗಿಯಾಗಿ ಅರಿವೆ ಸುತ್ತಿಕೊಂಡು, ಗೋಡೆ ಹಿಡಿಯುತ್ತ ಸೊಸೆ ರೇಣುಕಾ. ಅವಳು ಹಡೆದು ಇನ್ನೂ ವಾರವೂ ಆಗಿರಲಿಲ್ಲ. ಗಂಡ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಅತ್ತೆಮನೆಯಲ್ಲೇ ನಡೆದಿತ್ತು. ನಮ್ಮಲ್ಲಿ ಹಸಿ ಬಾಣಂತಿ ಹೊಸ್ತಿಲು ದಾಟುವುದಿಲ್ಲ, ಗಾಳಿ ತಾಗೀತೆಂದು ಬಾಗಿಲಿಗೂ ಅರಿವೆ ಕಟ್ಟುತ್ತಾರೆ.

"ಏನ್ ನಿಂಗಮ್ಮ, ತೆಲಿ ಕೆಟ್ಟದೇನು? ಇಂಥಾ ಬಿಸಲಾಗ ಬಾಣಂತಿನ್ನ ಕರ್ಕೊಂಡ್ ಬಂದೀಯಲ್ಲ!" ಎಂದೆ.

"ಏನ್ ಮಾಡ್ಲೆವ್ವಾ? ನನ್ನ ಹೆಬ್ಬಟ್ಟು ನಡ್ಯಂಗಿಲ್ಲಂತಿ. ಇವತ್ತು ಬಿಟ್ರ ಈ ತಿಂಗಳದ್ದು ಹೋತು. ಮನ್ಯಾಗ ಒಂದು ಹಿಡಿ ಬ್ಯಾಳಿ ಇಲ್ಲ. ಆಕಿಗಿ ಏನ್ ತಿನಸ್ಲಿ?" ಎನ್ನುತ್ತ ನಿಂಗಮ್ಮ ಕಣ್ಣೊರೆಸಿಕೊಂಡಳು.

ಅವಳ ಮಾತೂ ಸುಳ್ಳಲ್ಲ. ಆ ತಿಂಗಳ ಸಾಮಾನು ಬಂದದ್ದೇ ತಡವಾಗಿತ್ತು. ಮಿಷನ್ ಹಿಡಿದು ನಾನೇ ಅವರ ಮನೆಗೆ ಹೋಗೋಣವೆಂದರೆ, ಅದು ಅಂಗಡಿ ಬಿಟ್ಟು ಕದಲಬಾರದೆಂದು ಹುಕುಂ.

ರೇಣುಕಾ ಹೆಬ್ಬೆಟ್ಟು ಇಟ್ಟಳು. ಮಿಷನ್ ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು, ಆಗಲೂ ಇಲ್ಲ. ಬಾಣಂತಿಯ ಮೈಗೆ ತಿಕ್ಕಿದ ಎಣ್ಣೆ, ಅರಿಷಿಣ ಬೆರಳಿಗೂ ಹತ್ತಿತ್ತು. ನಾನು ಕಡಲೆಹಿಟ್ಟು ಹಚ್ಚಿ ಆ ಬೆರಳನ್ನು ತೊಳೆದು ಒರೆಸಿದೆ. ಕೊನೆಗೆ ಮಿಷನ್ ಹೂಂ ಅಂದಿತು. ಅಷ್ಟರಲ್ಲಿ ರೇಣುಕಾ ಕಣ್ಣು ಮೇಲೆ ಮಾಡಿ ಕುಸಿದಳು. ಹೆಂಗಸರೆಲ್ಲ ಹಿಡಿದು ಕಟ್ಟೆಯ ನೆರಳಿಗೆ ಮಲಗಿಸಿ, ಬೆಲ್ಲದ ನೀರು ಕುಡಿಸಿದೆವು. ಸಾಹೇಬರು ತಮ್ಮ ಕೈಯಲ್ಲಿದ್ದ ಫೈಲಿನಿಂದಲೇ ಗಾಳಿ ಹಾಕಿದರು.

ನನಗೆ ಸಿಟ್ಟು ತಡೆಯಲಾಗಲಿಲ್ಲ. "ನೋಡ್ರಿ ಸಾಹೇಬ್ರ, ನಿಮ್ಮ ಹೆಬ್ಬಟ್ಟಿನ ಕಾರ್ಡಿನ ಹಣೇಬರಾ! ನಂಬರಿನ ಕಾರ್ಡೇ ಸಾಕಂತ ಬರ್ಕೋರಿ" ಎಂದೆ. ನಿಂಗಮ್ಮನೂ, "ಹೌದ್ರಿ, ನಂಬರಿಂದಿದ್ರ ನಾನೇ ಬರ್ತಿದ್ದೆ, ಆಕಿ ಮನ್ಯಾಗ ಮಲ್ಕೊಂತಿದ್ಳು" ಎಂದಳು. ಎಲ್ಲರೂ ಹೂಂಗುಟ್ಟಿದರು. ಸಾಹೇಬರು ಪೆನ್ನು ತೆಗೆದರು.

"ಬ್ಯಾಡ್ರಿ."

ಮಲಗಿದಲ್ಲಿಂದಲೇ ರೇಣುಕಾ ಹೇಳಿದ್ದು. ಅತ್ತೆಯ ಎದುರು ಆ ಹುಡುಗಿ ದನಿ ಎತ್ತಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಹೆಬ್ಬಟ್ಟಿಂದೇ ಇರ್ಲಿರಿ" ಎಂದಳು.

"ಯಾಕಮ್ಮ, ಇಷ್ಟೆಲ್ಲ ಆದ ಮೇಲೂ?" ಎಂದರು ಸಾಹೇಬರು.

"ಮೊದಲ್ನೇ ಸರ್ತಿ ಹಡದಾಗ ನನಗಂತ ಬಂದಿದ್ದು ಮನಿಮಂದಿಗೆಲ್ಲ ಹಂಚಿ ಹೋತ್ರಿ. ನನಗ ರೊಟ್ಟಿ, ಖಾರ ಅಷ್ಟೇ. ಎದಿ ಹಾಲು ಬತ್ತಿ, ಆ ಕೂಸು ಉಳೀಲಿಲ್ಲ. ಇದು ನಾ ಬರದೇ ಸಿಗಂಗಿಲ್ರಿ. ಅದ್ಕೇ ಇದು ನಂದು ಅಂತ ಮನ್ಯಾಗ ಎಲ್ಲಾರ್ಗೂ ಗೊತ್ತಾಗ್ಯಾದ."

ನಿಂಗಮ್ಮ ಬೈಯುತ್ತಾಳೆಂದು ನಾನು ಅವಳ ಮುಖ ನೋಡಿದೆ. ಅವಳು ಸೊಸೆಯ ಕಾಲ ಹತ್ತಿರ ಕೂತು, "ಖರೇ ಅದರಿ. ಆವಾಗ ಎಲ್ಲಾರ ಹೊಟ್ಟಿನೂ ಹಸದಿತ್ತು" ಎಂದಳು ಅಷ್ಟೇ.

ನಾನು ಹೇಳಿದೆ: "ಸಾಹೇಬ್ರ, ಕಾರ್ಡು ಆಕಿ ಹೇಳ್ದಂಗೇ ಇರ್ಲಿ. ಆದ್ರ ಬಾಣಂತಿ ಅಂಗಡಿಗಿ ಬರೂದಲ್ಲ, ಮಿಷನ್ನು ಆಕಿ ಮನಿಗಿ ಹೋಗ್ಬೇಕು." ಅವರು ತಲೆ ತಗ್ಗಿಸಿ ಬಹಳ ಹೊತ್ತು ಬರೆದುಕೊಂಡರು.

ಮೇಲಿನವರು ಏನು ತೀರ್ಮಾನ ಮಾಡಿದರೋ ನಮಗೆ ಯಾರೂ ತಿಳಿಸಲಿಲ್ಲ. ಪ್ರಯೋಗ ಮುಗಿಯುವತನಕ ಮಾತ್ರ ನಾನು ಹುಕುಂ ಗಾಳಿಗೆ ತೂರಿ, ಮಿಷನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಣಂತಿಯರ ಮನೆಗೆ ಹೋದೆ. ಮರುತಿಂಗಳು ರೇಣುಕಾಳ ಮನೆ ಬಾಗಿಲಲ್ಲಿ ನಿಂತಾಗ ನಿಂಗಮ್ಮ ಒಳಗೆ ಮುಖ ಮಾಡಿ ಕೂಗಿದಳು: "ರೇಣುಕಾ, ನಿನ್ನ ಸಾಮಾನು ಬಂದಾವ ನೋಡವ್ವಾ."

ರೇಣುಕಾ ಆಗ ಹಡೆದಿದ್ದ ಮಗಳು ಈಗ ಓಡಾಡುತ್ತಾಳೆ. ಅಂಗಡಿ ಕಟ್ಟೆ ಹತ್ತಿ ಬೆಲ್ಲದ ಚೂರಿಗೆ ಕೈ ಒಡ್ಡುತ್ತಾಳೆ. ರೇಣುಕಾಳ ಪರವಾಗಿ ಮಾತಾಡುತ್ತಿದ್ದೇವೆಂದು ಅಂದು ನಾವೆಲ್ಲ ಕೂಗಾಡಿದ್ದೆವು, ಅವಳನ್ನೇ ಯಾರೂ ಕೇಳಿರಲಿಲ್ಲ. ಆ ಪುಟ್ಟ ಅಂಗೈಗೆ ಬೆಲ್ಲ ಇಡುವಾಗ ಇಂದಿಗೂ ನನ್ನ ಕಣ್ಣು ತುಂಬುತ್ತದೆ.