ಹೊಸ್ತಿಲಾಚೆ ಬಿಟ್ಟ ಬೂಟು

“ಕಾಲು ಸ್ವಲ್ಪ ಮುಂದಕ್ಕೆ ಚಾಚ್ರಿ, ನೋಡಾಣ” ಎಂದರು ದಾವಣಗೆರೆಯ ಹತ್ತಿ ಸಾಹುಕಾರರು.

ಐವತ್ತರ ದಶಕದ ಮಾತು. ಗುಮಾಸ್ತೆ ಕೆಲಸ ಕೇಳಲು ಹೋಗಿದ್ದೆ. ನನ್ನ ಲೆಕ್ಕ, ಇಂಗ್ಲಿಷು, ದುಂಡಕ್ಷರ ಎಲ್ಲವನ್ನೂ ಅವರು ಆಗಷ್ಟೇ ಮೆಚ್ಚಿದ್ದರು. ಅನುಕೂಲಸ್ಥರ ಮನೆಯವನಂತೆ ಕಾಣಲೆಂದು ಹರಿಹರದ ಭಾವನ ಬೂಟು ಎರವಲು ತಂದು, ಮುಖ ಕಾಣುವಂತೆ ತಿಕ್ಕಿದ್ದೆ. ಆದರೆ ಅಂಗಡಿಯ ಗಾದಿ ಏರುವವರು ಮೆಟ್ಟಿದ್ದನ್ನು ಹೊಸ್ತಿಲಾಚೆ ಬಿಡಬೇಕೆಂಬುದು ಹೊಳೆದದ್ದು ಹೊಸ್ತಿಲಿಗೆ ಬಂದಾಗಲೇ. ಪಂಚೆಯಡಿ ಅಡಗಿಸಿ ಕೂತಿದ್ದ ಪಾದಗಳನ್ನು ಈಗ ಚಾಚಿದೆ. ನಮ್ಮೂರು ನಂದಿಗುಡಿಯ ಗದ್ದೆಯ ಕೆಸರಿನಲ್ಲಿ ಒಡೆದ ಹಿಮ್ಮಡಿ, ಕಪ್ಪುಗಟ್ಟಿದ ಉಗುರು ಬಿಳಿ ಹಾಸಿನ ಮೇಲೆ ಬಯಲಾದವು.

“ಇವು ಗಾದಿ ಮ್ಯಾಲೆ ಕೂಡೋ ಕಾಲಲ್ಲ ಬಿಡ್ರಿ. ಹತ್ತಿ ಅಂಡಿಗೆ ಹೊರೋ ಕೆಲಸ ಐತೆ, ಮಾಡ್ತೀರೇನು?”

ಬೈಯಲಿಲ್ಲ. ನಗುತ್ತಾ, ಬಹುವಚನದಲ್ಲೇ ಕೇಳಿದರು. ನಾನು ಎದ್ದು ಹೊರಗೆ ಬಂದು ಬೂಟು ಹಾಕಿಕೊಂಡೆ.

ಮುಂದೆ ಬೇರೊಂದು ಕಡೆ ಗುಮಾಸ್ತನೇ ಆದೆ, ನಿವೃತ್ತನೂ ಆದೆ. ಇವತ್ತಿಗೂ ಯಾರ ಮನೆಯ ಚಾಪೆಯ ಮೇಲೆ ಕೂತರೂ ಕೈ ತಾನಾಗಿಯೇ ಪಂಚೆಯನ್ನು ಪಾದದ ಮೇಲೆ ಎಳೆಯುತ್ತದೆ. ಆ ಮನುಷ್ಯ ಸತ್ತು ಎಷ್ಟೋ ಕಾಲವಾಯಿತು. ನನ್ನ ಕಾಲ ಮೇಲಿಟ್ಟ ಕಣ್ಣನ್ನು ಮಾತ್ರ ತೆಗೆದಿಲ್ಲ.